ಬಿದ್ದರೆ ಬೀಳಲಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಕೆಲಸ ಮಾಡುವ ಗಾಜಿನಂಗಡಿಯಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ನಾನು ಗಾಜು ಕತ್ತರಿಸುವಾಗ ಯಾರೂ ಮಾತನಾಡಿಸುವುದಿಲ್ಲ. ಆದರೆ ಆ ಹದಿನೈದು ದಿನ ಇತ್ತಲ್ಲ, ಅದು ಕೋಪವಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುವುದು, ಬಾಗಿಲಿಗೆ ಯಾಕೆ ಬಂದೆನೆಂದು ಮರೆತು ನಿಲ್ಲುವುದು, ಹಾಲು ಉಕ್ಕಿದ ವಾಸನೆಗೆ ಒಳಗೆ ಓಡುವುದು. ಕಾಲು ಸುಟ್ಟ ಬೆಕ್ಕು ಅನ್ನುತ್ತಾರಲ್ಲ, ಅದೇ ನಾನು.

ಕಾರಣ ಸಣ್ಣದಲ್ಲ. ನನ್ನ ಹತ್ತಿರ ಬೆಳೆಯುತ್ತಿರುವ ತಂಗಿಯ ಮಗಳನ್ನು ಅವಳಪ್ಪ ವಾಪಸು ಕೇಳಲು ಬಂದಿದ್ದ. ತಂಗಿ ತೀರಿಕೊಂಡಾಗ ಹುಡುಗಿಗೆ ಎಂಟು ವರ್ಷ. ಅವನು ಆಗ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮಗುವನ್ನು ಎಲ್ಲಿ ಬಿಡುತ್ತಾನೆ? ಮದುವೆ ಗಿದುವೆ ಇಲ್ಲದ ನನ್ನ ಹತ್ತಿರ ಬಿಟ್ಟ. ಆರು ವರ್ಷವಾಯಿತು. ಹುಡುಗಿ ಈಗ ನನಗಿಂತ ಒಂದು ಗೇಣು ಎತ್ತರ, ಅಟ್ಟದ ಮೇಲಿನ ಸಾಮಾನನ್ನು ಸ್ಟೂಲಿಲ್ಲದೆ ಇಳಿಸುತ್ತಾಳೆ. ನಾನು ಅವಳನ್ನು ಏಣಿ ಅಂತಲೇ ಕರೆಯುವುದು. ಅವನು ಈಗ ಲಾರಿ ಬಿಟ್ಟು ಡಿಪೋದಲ್ಲಿ ಕೂತು ಮಾಡುವ ಕೆಲಸ ಹಿಡಿದಿದ್ದಾನೆ, ಮತ್ತೆ ಮದುವೆಯಾಗಿದ್ದಾನೆ, ಆಕೆಯೂ ಒಳ್ಳೆಯವಳೇ. ಕೆಟ್ಟವರಾಗಿದ್ದರೆ ಸುಲಭವಿತ್ತು. ಹೊಸ್ತಿಲಲ್ಲೇ ನಿಲ್ಲಿಸಿ ನಾಲ್ಕು ಬೈದು ಕಳಿಸುತ್ತಿದ್ದೆ.

ಅವನು ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಲೋಟವನ್ನು ತಿರುಗಿಸುತ್ತಾ, ಮಗಳಿಗೆಂದೇ ಒಂದು ಕೋಣೆ ಸಿದ್ಧ ಮಾಡಿಸುತ್ತಿದ್ದೇನೆ ಎಂದ. ಅವನು ತಂದೆ, ನಾನು ಯಾರು? ಮುಖ ನೆಟ್ಟಗೇ ಇಟ್ಟುಕೊಂಡೆ.

"ನಿನ್ನ ಮಗಳು ಕಣಪ್ಪಾ. ನಿನ್ನಿಷ್ಟ, ಅವಳಿಷ್ಟ. ನಂದೇನಿದೆ," ಎಂದೆ.

ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇನ್ನು ಎರಡು ವಾರಕ್ಕೆ ಶಾಲೆಯ ಪರೀಕ್ಷೆ, ಆಟ ಎಲ್ಲ ಮುಗಿಯುತ್ತದೆ, ಅದರ ಮಾರನೆಯ ಭಾನುವಾರ ಬರುತ್ತೇನೆ, ಅಷ್ಟರಲ್ಲಿ ಯೋಚನೆ ಮಾಡಮ್ಮ ಎಂದು ಮಗಳಿಗೆ ಹೇಳಿ ಅವನು ಹೊರಟ. ನಾನು ದೊಡ್ಡ ಮನಸ್ಸಿನವಳು ಎಂದು ನನಗೇ ಬೆನ್ನು ತಟ್ಟಿಕೊಂಡು ಲೋಟ ತೊಳೆದೆ. ಅವತ್ತಿನಿಂದ ಆ ಹುಡುಗಿ ನನ್ನ ಜೊತೆ ಲೆಕ್ಕ ಹಾಕಿದ ಹಾಗೆ ಮಾತಾಡತೊಡಗಿದಳು. ಊಟ ಆಯ್ತಾ ಅಂದರೆ ಆಯ್ತು. ಹಸಿವಿದೆಯಾ ಅಂದರೆ ಇಲ್ಲ.

ಎರಡು ದಿನವಾದ ಮೇಲೆ ಅವಳ ಆಟದ ಚಡ್ಡಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದ ಸಿಕ್ಕಿತು. ಶಾಲೆಯಿಂದ ಬಂದದ್ದು. ಕೊನೆಯ ಶನಿವಾರ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ, ಈ ಸಲ ಮನೆಯವರೂ ಸೇರಿ ಆಡಬೇಕು, ಐದು ಜನರ ತಂಡದಲ್ಲಿ ಮೂವರು ಹುಡುಗಿಯರು, ಇಬ್ಬರು ಮನೆಯ ಹೆಂಗಸರು. ಕೆಳಗೆ 'ಮನೆಯಿಂದ ಬರುವವರು' ಎಂದು ಗೆರೆ ಎಳೆದಿತ್ತು. ಗೆರೆಯ ಮೇಲೆ ಇವಳ ಗುಂಡು ಅಕ್ಷರದಲ್ಲಿ 'ಯಾರೂ ಇಲ್ಲ' ಎಂದಿತ್ತು.

ಉರಿದುಹೋಯಿತು ನನಗೆ. ಯಾರೂ ಇಲ್ಲವಂತೆ. ಆರು ವರ್ಷ ಇವಳ ತಲೆ ಬಾಚಿದವಳು ಯಾರು, ಗೋಡೆಯೇ? ಒದ್ದೆ ಕೈಯಲ್ಲೇ ಪೆನ್ನು ಹುಡುಕಿ ಅದನ್ನು ಹೊಡೆದುಹಾಕಿ 'ದೊಡ್ಡಮ್ಮ' ಎಂದು ಬರೆದೆ, ಕಾಗದ ಹರಿಯುವಷ್ಟು ಒತ್ತಿ. ಸಂಜೆ ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ನಿನಗೆ ಚೆಂಡು ಹಿಡಿಯೋಕೂ ಬರಲ್ಲ ಎಂದಳು. ಬರದಿದ್ದರೆ ಕಲಿಸು, ನಾನೇನು ಹೊಟ್ಟೆಯಿಂದಲೇ ಗಾಜು ಕತ್ತರಿಸುತ್ತಾ ಬಂದೆನಾ ಎಂದೆ. ಅವಳು ಅತ್ತ ತಿರುಗಿ, ಬೆಳಿಗ್ಗೆ ಆರಕ್ಕೆ ಏಳಬೇಕು ಎಂದಳು. ಅದು ಒಪ್ಪಿಗೆ.

ನಮ್ಮ ಬೀದಿಯ ಹಿಂದೆ ನೀರಿನ ಟ್ಯಾಂಕಿನ ಪಕ್ಕ ಒಂದು ಸಿಮೆಂಟಿನ ಅಂಗಳವಿದೆ. ಒಂದೇ ಕಂಬ, ಚೆಂಡು ತೂರಿಸುವ ಒಂದೇ ಕಬ್ಬಿಣದ ಬಳೆ, ಬಲೆ ಎಂದೋ ಹರಿದುಹೋಗಿದೆ. ಅಲ್ಲಿ ಪಾಠ ಶುರುವಾಯಿತು. ನಲವತ್ತೇಳು ವರ್ಷದ ಹೆಂಗಸು ಬೆಳಗಿನ ಚಳಿಯಲ್ಲಿ ಚೆಂಡು ಬಡಿಯುವುದನ್ನು ನೋಡಲು ಹಾಲಿನವನು ಸೈಕಲ್ ನಿಲ್ಲಿಸಿದ. ಏನಪ್ಪಾ, ಹಾಲು ಒಡೆದುಹೋಗಲ್ವಾ ಎಂದು ನಾನು ಕೇಳಿದ ಮೇಲೆ ಹೋದ.

ಚೆಂಡನ್ನು ನೆಲಕ್ಕೆ ಪುಟಿಸುತ್ತಾ ನಡೆಯುವುದು ಮೊದಲ ಪಾಠ. ಅದಕ್ಕೆ ಡ್ರಿಬಲ್ ಅನ್ನುತ್ತಾರೆ. ನಾನು ಅಂಗೈಯಿಂದ ಪಟಪಟ ಬಡಿದೆ. ಹಾಗಲ್ಲವಂತೆ, ಬೆರಳುಗಳನ್ನು ಅಗಲಿಸಿ ತಳ್ಳಬೇಕಂತೆ, ಚೆಂಡು ಸೊಂಟಕ್ಕಿಂತ ಮೇಲೆ ಏಳಬಾರದಂತೆ, ಕಣ್ಣು ಚೆಂಡಿನ ಮೇಲಿರದೆ ಎದುರಿಗಿರಬೇಕಂತೆ. ಚೆಂಡು ನೋಡದೆ ಹೇಗೆ ಬಡಿಯಲಿ, ನನಗೇನು ನೆತ್ತಿಯಲ್ಲಿ ಕಣ್ಣಿದೆಯೇ ಎಂದು ಜಗಳವಾಡಿದೆ. ತಲೆ ಎತ್ತಿದರೆ ಚೆಂಡು ಕಾಲಿಗೆ ತಗುಲಿ ಚರಂಡಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನನ್ನ ಕೈ ಒಂದು ಕಡೆ, ಕಾಲು ಒಂದು ಕಡೆ. ನೆಲ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನದೇ ಮಾತನ್ನು ನನಗೇ ತಿರುಗಿಸಿದಳು ಏಣಿ. ಐದು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು. ಬೈಸಿಕೊಂಡರೂ ಸಂತೋಷವಾಯಿತು.

ಈ ಆಟದಲ್ಲಿ ಕಾನೂನು ಬಹಳ. ಪುಟಿಸುತ್ತಾ ಹೋಗಿ ಒಮ್ಮೆ ಎರಡು ಕೈಯಲ್ಲಿ ಹಿಡಿದರೆ ಮುಗಿಯಿತು, ಮತ್ತೆ ಪುಟಿಸುವಂತಿಲ್ಲ. ಹಿಡಿದುಕೊಂಡು ಎರಡು ಹೆಜ್ಜೆ ಮೀರಿ ನಡೆಯುವಂತಿಲ್ಲ, ನಡೆದರೆ ಟ್ರಾವೆಲಿಂಗ್ ಎಂದು ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಡುತ್ತಾರೆ. ನಿಂತಾಗ ಒಂದು ಕಾಲು ಮೊಳೆ ಹೊಡೆದ ಹಾಗೆ ನೆಲದಲ್ಲಿರಬೇಕು, ಇನ್ನೊಂದನ್ನು ಎತ್ತ ಬೇಕಾದರೂ ತಿರುಗಿಸಬಹುದು, ಅದು ಪಿವಟ್. ಇದು ಮಾತ್ರ ನನಗೆ ನೀರು ಕುಡಿದಷ್ಟು ಸುಲಭವಾಯಿತು, ಏಕೆಂದರೆ ಕತ್ತರಿಸುವ ಮೇಜಿನ ಮುಂದೆ ನಾನು ನಿಲ್ಲುವುದೇ ಹಾಗೆ. ಎದುರಾಳಿಯನ್ನು ತಡೆಯುವ ನಿಲುವೂ ಬಂತು. ಮಂಡಿ ಬಗ್ಗಿಸಿ, ಕೈ ಅಗಲಿಸಿ, ಕಾಲಿಗೆ ಕಾಲು ದಾಟಿಸದೆ ಪಕ್ಕಕ್ಕೆ ಸರಿಯಬೇಕು. ದೊಡ್ಡ ಗಾಜಿನ ಹಾಳೆಯನ್ನು ಇಬ್ಬರು ಹೊತ್ತು ಬಾಗಿಲು ದಾಟಿಸುವಾಗ ನಾವು ಇಪ್ಪತ್ತೈದು ವರ್ಷದಿಂದ ನಡೆದದ್ದು ಹಾಗೆಯೇ. ಏಣಿ ಎಡಕ್ಕೆ ಬಂದರೆ ನಾನು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಮೂರು ಸಲ ಅವಳಿಗೆ ದಾರಿ ಸಿಗಲಿಲ್ಲ. ಅವಳು ನಿಂತು ಕೂದಲು ಹಿಂದಕ್ಕೆ ತಳ್ಳಿ ನನ್ನನ್ನು ಹೊಸದಾಗಿ ನೋಡಿದಳು.

ಬಳೆಗೆ ಎಸೆಯುವುದರಲ್ಲೂ ನಾನು ತೀರಾ ದಡ್ಡಿಯಲ್ಲ. ಮೊಣಕೈ ಚೆಂಡಿನ ಅಡಿಗಿರಬೇಕು, ಬಲ ಮಂಡಿಯಿಂದ ಬರಬೇಕು, ಕೊನೆಗೆ ಮಣಿಕಟ್ಟು ತಲೆ ಬಾಗಿಸಬೇಕು ಎಂದೆಲ್ಲ ಅವಳು ಹೇಳಿದಳು. ನನಗೆ ಅರ್ಥವಾದದ್ದು ಬಳೆಯ ಹಿಂದಿನ ಹಲಗೆಯ ಮೇಲೆ ಬರೆದ ಚೌಕ. ಯಾವ ಓರೆಯಿಂದ ಆ ಚೌಕದ ಮೂಲೆಗೆ ತಗುಲಿದರೆ ಚೆಂಡು ಬಳೆಯೊಳಗೆ ಬೀಳುತ್ತದೆ ಎಂಬುದು ಅಳತೆಯ ಮಾತು, ಅಳತೆ ನನ್ನ ಅನ್ನ. ಬಲಗಡೆಯಿಂದ ಹತ್ತಕ್ಕೆ ನಾಲ್ಕು ಬೀಳತೊಡಗಿತು.

ಕೆಟ್ಟದ್ದು ಬೇರೆ ಕಡೆ. ನೇರವಾಗಿ ಕೈಗೆ ಕೊಟ್ಟ ಚೆಂಡನ್ನು ಹಿಡಿಯುತ್ತಿದ್ದೆ. ಆದರೆ ಅದು ಒಂದಿಷ್ಟು ಜಾರಿದರೆ, ಬೆರಳ ತುದಿಗೆ ತಾಕಿ ಕೆಳಗೆ ಹೊರಟರೆ, ಯಾರ ಕೈಯಿಂದಲೋ ತಪ್ಪಿ ನನ್ನ ಮುಂದೆ ಉರುಳಿ ಬಂದರೆ, ನನ್ನ ಎರಡೂ ಕೈ ತಾವಾಗಿಯೇ ಭುಜದ ಮೇಲಕ್ಕೆ ಹೋಗುತ್ತಿದ್ದವು, ಕಾಲು ಎರಡು ಹೆಜ್ಜೆ ಹಿಂದಕ್ಕೆ. ಚೆಂಡು ನನ್ನ ಕಾಲ ಬಳಿ ಬಿದ್ದು ಅದರ ಪಾಡಿಗೆ ಹೋಗುತ್ತಿತ್ತು. ನಾನು ಶರಣಾದ ಕಳ್ಳಿಯ ಹಾಗೆ ನಿಂತಿರುತ್ತಿದ್ದೆ.

ಇದು ನನ್ನ ಕಸುಬು ಕಲಿಸಿದ್ದು. ನನಗೆ ಕೆಲಸ ಹೇಳಿಕೊಟ್ಟ ಹಳೆಯ ಮೇಸ್ತ್ರಿಗೆ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಜಾರಿದ ಗಾಜನ್ನು ಒಮ್ಮೆ ಹಿಡಿಯಲು ಹೋಗಿದ್ದರಂತೆ. ನಾನು ಸೇರಿದ ಮೊದಲ ತಿಂಗಳು ಕತ್ತರಿಸುವುದನ್ನು ಕಲಿಸಲೇ ಇಲ್ಲ ಅವರು. ಮರದ ಹಲಗೆಯನ್ನು ಬೇಕೆಂದೇ ಜಾರಿಸುವುದು, ನಾನು ಕೈ ಚಾಚಿದರೆ ಮಣಿಕಟ್ಟಿಗೆ ಸ್ಕೇಲಿನಿಂದ ಒಂದು ಏಟು. ಬಿದ್ದರೆ ಬೀಳಲಿ, ಕೈ ಮೇಲೆ, ಕಾಲು ಹಿಂದೆ. ಸಾವಿರ ಸಲ ಹೇಳಿಸಿದರು. ಇಪ್ಪತ್ತೈದು ವರ್ಷಕ್ಕೆ ನನ್ನ ಹತ್ತೂ ಬೆರಳು ನೆಟ್ಟಗಿವೆಯೆಂದರೆ ಆ ಏಟುಗಳಿಂದ.

ಇದನ್ನು ಏಣಿಗೆ ಹೇಳಿದೆ. ಇದು ಗಾಜಲ್ಲ, ರಬ್ಬರು ಎಂದಳು. ನನಗೆ ಗೊತ್ತು, ನನ್ನ ಕೈಗೆ ಗೊತ್ತಿಲ್ಲವಲ್ಲ. ಅಂಗಡಿಯಲ್ಲಿ ಚೌಕಟ್ಟು ಕಟ್ಟುವವನ ಸಹಾಯ ಕೇಳಿದೆ. ಅವನಿಗೆ ತಮಾಷೆ ಅಂದರೆ ಊಟ ಬೇಡ. ನಾನು ಅತ್ತ ತಿರುಗಿದಾಗೆಲ್ಲ ಗಾಜು ಅಂಟಿಸುವ ಲಪ್ಪದ ಉಂಡೆಯನ್ನು ನನ್ನ ಕಡೆ ಜಾರಿಸಿಬಿಡುತ್ತಿದ್ದ. ಮೂರು ದಿನ ಕೈ ಎತ್ತಿದೆ. ನಾಲ್ಕನೆಯ ದಿನ ಒಂದು ಉಂಡೆ ಹಿಡಿದೆ, ಐದನೆಯ ದಿನ ನಾಲ್ಕು. ಏನಕ್ಕಾ, ಇನ್ನು ನಿಮ್ಮನ್ನ ದೇಶದ ತಂಡಕ್ಕೇ ಕರೀತಾರೆ ಎಂದು ಅವನು ಹಲ್ಲು ಕಿರಿದ.

ಅದೇ ಮಧ್ಯಾಹ್ನ ಕಪಾಟಿನ ಬಾಗಿಲಿಗೆಂದು ಕತ್ತರಿಸಿದ ಒಂದು ಗಾಜಿನ ಕಿರುಪಟ್ಟಿ ಮೇಜಿನ ಅಂಚಿನಿಂದ ಜಾರಿತು. ನನ್ನ ಕೈ ಹೋಯಿತು. ಹೋಗಿ ಹಿಡಿಯಿತು ಕೂಡ. ಕಿರುಬೆರಳಿನ ಬುಡಕ್ಕೆ ಮೂರು ಹೊಲಿಗೆ. ಯಜಮಾನರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಗಾಜಿನಂಗಡಿಯಲ್ಲಿ ಹಿಡಿಯೋದು ಕಲಿತರೆ ನಾಳೆ ಬೆರಳಿಲ್ಲದೆ ಏನು ಮಾಡುತ್ತೀಯಮ್ಮಾ ಎಂದು ಮಾತ್ರ ಕೇಳಿದರು. ಅತ್ತ ದರಿ, ಇತ್ತ ಪುಲಿ. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಏಣಿ ಚೆಂಡನ್ನು ಮೆಲ್ಲಗೆ ಉರುಳಿಸಿದಳು, ಮೆಲ್ಲಗೆ, ಅಂಬೆಗಾಲಿಡುವ ಮಗುವಿಗೆ ಉರುಳಿಸಿದ ಹಾಗೆ. ನಾನು ಎರಡು ಹೆಜ್ಜೆ ಹಿಂದೆ ನೆಗೆದೆ. ಕಲಿತದ್ದೆಲ್ಲ ಹೊಳೆಗೆ ಹೋಗಿತ್ತು. ಅವಳು ನನ್ನ ಕೈಯ ಬ್ಯಾಂಡೇಜು ನೋಡಿ, ಬೇಡ ಬಿಡು, ನಿನ್ನ ಬದಲು ಬೇರೆ ಯಾರನ್ನಾದರೂ ಹಾಕಿಕೊಳ್ಳುತ್ತಾರೆ ಎಂದಳು. ಗಾಯ ಎಡಗೈಗೆ, ಆಡುವುದು ನಾನು, ನೀನು ತೆಪ್ಪಗಿರು ಎಂದೆ. ಭಾನುವಾರಕ್ಕೆ ಮೂರೇ ದಿನವಿತ್ತು. ಹೋಗುತ್ತೀಯಾ ಎಂದು ಕೇಳಲು ನಾನು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ, ಹತ್ತು ಸಲವೂ ಊಟ ಆಯ್ತಾ ಎಂದು ಕೇಳಿ ಮುಚ್ಚಿದೆ.

ಶನಿವಾರ ಬಂತು. ಶಾಲೆಯ ಅಂಗಳದ ಸುತ್ತ ಜನವೋ ಜನ. ನಮ್ಮ ತಂಡದಲ್ಲಿ ಏಣಿ, ಅವಳ ಇಬ್ಬರು ಗೆಳತಿಯರು, ಅವರಲ್ಲೊಬ್ಬಳ ತಾಯಿ, ನಾನು. ಆ ತಾಯಿ ಬಸ್ ಕಂಡಕ್ಟರು. ಜನರ ನಡುವೆ ನುಗ್ಗುವುದು, ಮೊಣಕೈಯಿಂದ ದಾರಿ ಮಾಡಿಕೊಳ್ಳುವುದು ಆಕೆಗೆ ಹುಟ್ಟುಗುಣ. ಶುರುವಿನಲ್ಲಿ ನಾನೂ ಪರವಾಗಿರಲಿಲ್ಲ. ಎದುರು ತಂಡದ ಒಬ್ಬ ನರ್ಸಮ್ಮನನ್ನು ಎಡಕ್ಕೂ ಬಲಕ್ಕೂ ಸರಿದು ಐದು ನಿಮಿಷ ಕಟ್ಟಿಹಾಕಿದೆ. ಬಲಗಡೆಯಿಂದ ಎಸೆದ ಒಂದು ಚೆಂಡು ಚೌಕಕ್ಕೆ ತಗುಲಿ ಬಿತ್ತು, ಎರಡು ಅಂಕ. ಏಣಿ ಓಡುತ್ತಲೇ ನನ್ನ ಬೆನ್ನಿಗೊಂದು ಹೊಡೆದು ಹೋದಳು. ಆ ಏಟು ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಬೀಳಲಿ ಎಂದು ಅವಳ ಹಿಂದೆಯೇ ಓಡಿದೆ.

ಆಮೇಲೆ ಅದು ಆಯಿತು. ಮೊದಲ ಅರ್ಧ ಮುಗಿಯಲು ಒಂದು ನಿಮಿಷವಿದೆ, ಎರಡೂ ಕಡೆ ಸಮ. ಏಣಿ ಎದುರಾಳಿಯ ಕೈಯಿಂದ ಚೆಂಡನ್ನು ತಟ್ಟಿ ಉದುರಿಸಿದಳು. ಅದು ಪುಟಿದು ಪುಟಿದು ನನ್ನ ಕಡೆಗೇ ಬಂತು. ನನ್ನ ಮುಂದೆ ಯಾರೂ ಇಲ್ಲ, ಬಳೆ ನಾಲ್ಕು ಹೆಜ್ಜೆಯಲ್ಲಿದೆ. ದೊಡ್ಡಮ್ಮಾ ಎಂದು ಅವಳು ಕೂಗಿದ್ದು ಕೇಳಿಸಿತು. ನನ್ನ ಕೈಗಳು ಮೇಲಕ್ಕೆ ಹೋದವು, ಕಾಲು ಹಿಂದಕ್ಕೆ. ಚೆಂಡು ನನ್ನ ಮುಂದೆಯೇ ಗೆರೆ ದಾಟಿ ಹೊರಗೆ ಹೋಗಿ ಯಾರದೋ ಚಪ್ಪಲಿಗಳ ನಡುವೆ ನಿಂತಿತು. ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. ನಗಲಿ ಬಿಡಿ, ನಾನೂ ಆ ಕಡೆ ಇದ್ದಿದ್ದರೆ ನಗುತ್ತಿದ್ದೆ. ಏಣಿ ನಗಲಿಲ್ಲ.

ಅರ್ಧ ಮುಗಿದ ಸೀಟಿಗೆ ಬೆಂಚಿನ ಮೇಲೆ ಕೂತೆವು. ಕಂಡಕ್ಟರಮ್ಮ ನೀರಿನ ಬಾಟಲಿ ಕೊಟ್ಟು, ಆಟ ಅಲ್ವಾ, ಹೋಗ್ಲಿ ಬಿಡಿ ಎಂದು ಆ ಕಡೆ ಹೋದಳು. ಏಣಿ ಷೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕೈಗೆ ಗೊತ್ತಾಗಲ್ಲ ಕಣೇ ಎಂದು ನಾನು ಶುರುಮಾಡಿದೆ.

"ಅಪ್ಪ ಬಂದು ಕೇಳ್ದಾಗ್ಲೂ ನೀನು ಇದನ್ನೇ ಮಾಡಿದ್ದು," ಎಂದಳು. ತಲೆ ಎತ್ತಲಿಲ್ಲ.

"ಏನು ಮಾಡ್ದೆ?"

"ನಂದೇನಿದೆ ಅಂದೆ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ ದೊಡ್ಡಮ್ಮಾ."

ಮಂಡಿಯ ಮೇಲಿದ್ದ ನನ್ನ ಕೈಗಳನ್ನು ನೋಡುತ್ತಾ ಕೂತೆ. ಅವನ ಹಕ್ಕಿಗೆ ಅಡ್ಡ ಬರಬಾರದು, ಇವಳ ಮನಸ್ಸಿಗೆ ಭಾರವಾಗಬಾರದು ಎಂದು ನಾನು ದೊಡ್ಡ ತ್ಯಾಗ ಮಾಡಿದ್ದೆನಂತೆ. ಇವಳಿಗೆ ಕಂಡದ್ದು, ಹೋದರೆ ಹೋಗಲಿ ಎಂದು ಬಿಟ್ಟವಳು. 'ಯಾರೂ ಇಲ್ಲ' ಎಂದು ಇವಳು ಬರೆದದ್ದು ಸುಮ್ಮನೆ ಅಲ್ಲ. ಅಲ್ಲ ಕಣೇ ಎನ್ನಲು ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ಸೀಟಿ ಊದಿದರು. ಅವಳು ಎದ್ದು ಹೋದಳು.

ಎರಡನೆಯ ಅರ್ಧದಲ್ಲಿ ನಾನು ಆಡಿದ್ದನ್ನು ಬಾಸ್ಕೆಟ್‌ಬಾಲ್ ಎಂದು ಯಾರೂ ಅನ್ನಲಾರರು. ಕಂಡ ಚೆಂಡಿಗೆಲ್ಲ ಹಾರಿದೆ. ನರ್ಸಮ್ಮನ ತೋಳು ಹಿಡಿದು ಎಳೆದೆ, ಫೌಲ್. ಯಾರನ್ನೋ ತಳ್ಳಿದೆ, ಫೌಲ್. ಒಮ್ಮೆ ಉರುಳುತ್ತಿದ್ದ ಚೆಂಡಿನ ಮೇಲೆ ಮಕಾಡೆ ಬಿದ್ದು ಅದನ್ನು ಹೊಟ್ಟೆಗೆ ಅವುಚಿಕೊಂಡೆ, ಎದ್ದು ಅದನ್ನು ಬಿಡದೆ ಆರು ಹೆಜ್ಜೆ ನಡೆದೆ. ಟ್ರಾವೆಲಿಂಗ್ ಎಂದು ಆಟದ ಟೀಚರು ಊದಿದ ಸೀಟಿ ಬೀದಿಗೇ ಕೇಳಿಸಿರಬೇಕು. ಚೆಂಡು ಕೊಡಿ ಅಂದರು, ನಾನು ತಕ್ಷಣ ಕೊಡಲಿಲ್ಲ. ಆಮೇಲೆ ಇನ್ನೂ ಮೂರು ಫೌಲ್, ನನ್ನನ್ನು ಹೊರಗೆ ಕಳಿಸಿದರು. ಐದು ಫೌಲ್ ಆದವರು ಆಟದಿಂದ ಹೊರಗೆ ಎಂಬ ಕಾನೂನನ್ನು ಏಣಿ ನನಗೆ ಹೇಳಿಕೊಟ್ಟಿರಲಿಲ್ಲ, ಅಷ್ಟರವರೆಗೆ ನಾನು ಹೋದೇನೆಂದು ಅವಳು ಎಣಿಸಿರಲಿಲ್ಲವೇನೋ. ಬೆಂಚಿನಲ್ಲಿ ಕೂತು ಉಳಿದದ್ದನ್ನು ನೋಡಿದೆ. ಕೂತೆ ಅಂದರೆ ಕೂತಿರಲಿಲ್ಲ, ಬೆಂಚಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಏಳು ಅಂಕದಿಂದ ಸೋತೆವು.

ಮನೆಗೆ ನಡೆದು ಬರುವಾಗ ಅವಳು ಮುಂದೆ, ನಾನು ಹಿಂದೆ. ಹೇಳು, ಈಗ ಹೇಳು, ಎಂದು ಪ್ರತಿ ತಿರುವಿನಲ್ಲೂ ನನಗೆ ನಾನೇ ತಿವಿದುಕೊಂಡೆ. ಆದರೆ ಭಯ. ಈಗ ಹೇಳಿದರೆ ಸೋತ ದುಃಖಕ್ಕೆ ಹೇಳಿದಂತಾಗುತ್ತದೆ ಎಂದು ಒಂದು ನೆಪ, ಮನೆಗೆ ಹೋಗಿ ಹೇಳೋಣ ಎಂದು ಇನ್ನೊಂದು. ಮನೆಯಲ್ಲಿ ಅವಳು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಹಸಿರು ಸ್ವೆಟರ್ ಮರೀಬೇಡ ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಭಾನುವಾರ ಹನ್ನೊಂದು ಗಂಟೆಗೆ ಅವಳಪ್ಪ ಬಂದ. ಇಸ್ತ್ರಿ ಮಾಡಿದ ಷರ್ಟು, ಕ್ಷೌರ ಮಾಡಿದ ಮುಖ, ಕೈಯಲ್ಲಿ ಹಣ್ಣಿನ ಪೊಟ್ಟಣ. ಪಂದ್ಯ ಏನಾಯಿತು ಎಂದು ಕೇಳಿದ, ಸೋತೆವು ಎಂದೆ. ಬಾಗಿಲ ಪಕ್ಕದಲ್ಲಿ ಚೀಲವಿತ್ತು. ಅದನ್ನು ನೋಡಿ ಅವನ ಮುಖ ಅರಳಿತು, ಪಾಪ. ಮಗಳ ಕಡೆ ತಿರುಗಿ, ಬರ್ತೀಯಾ ಅಂತಾಯ್ತು ಹಾಗಾದ್ರೆ, ಹೊರಡೋಣ್ವಾ ಎಂದ.

ಏಣಿ ಗೋಡೆಗೆ ಒರಗಿ ನಿಂತಿದ್ದಳು.

"ದೊಡ್ಡಮ್ಮನ್ನ ಕೇಳಿ," ಎಂದಳು.

ಅವನು ನನ್ನ ಕಡೆ ತಿರುಗಿದ. ಅವನಿಗೆ ಅದು ಬರೀ ಮರ್ಯಾದೆಯ ಮಾತು. ನಾನು ಹೂಂ ಕರ್ಕೊಂಡು ಹೋಗಪ್ಪಾ ಅನ್ನುವುದಕ್ಕೆ ಕಾದು ಮುಗುಳ್ನಗುತ್ತಾ ನಿಂತ. ಅವನ ಎದುರಿಗೆ ಹೇಳುವುದು ಅವಳೊಬ್ಬಳಿಗೇ ಹೇಳುವುದಕ್ಕಿಂತ ಹತ್ತು ಪಾಲು ಕಷ್ಟ. ಅದಕ್ಕೇ ಅವಳು ಹಾಗೆ ಮಾಡಿದಳು, ನನ್ನನ್ನು ಚೆನ್ನಾಗಿ ಬಲ್ಲವಳು.

"ಕೊಡಲ್ಲ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಏನಕ್ಕಾ ಎಂದ.

"ಕೊಡಲ್ಲ ಕಣಪ್ಪಾ. ನೀನು ಬೇಕಾದಾಗ ಬಾ, ರಜೆಗೆ ಕರ್ಕೊಂಡು ಹೋಗು, ನಾನು ಬೇಡ ಅನ್ನಲ್ಲ. ಆದ್ರೆ ಇವಳ ಮನೆ ಇದು. ಅವತ್ತು ನಂದೇನಿದೆ ಅಂದೆ, ಅದು ಸುಳ್ಳು. ಇವಳಿಲ್ದೆ ನನಗಾಗಲ್ಲ."

ಅವನ ಮುಗುಳ್ನಗೆ ಇದ್ದಲ್ಲೇ ನಿಂತು ಆಮೇಲೆ ನಿಧಾನವಾಗಿ ಇಳಿಯಿತು. ಅವನು ಕುರ್ಚಿಯಲ್ಲಿ ಕೂತ. ಹಣ್ಣಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡ. ಕೋಣೆಗೆ ಬಣ್ಣ ಹೊಡೆಸಿದ್ದೆ ಅಕ್ಕಾ ಎಂದ, ಜಗಳದ ದನಿಯಲ್ಲಲ್ಲ. ಅವನದೇ ಮಗಳು, ತಪ್ಪೇನೂ ಮಾಡದ ಮನುಷ್ಯ, ಅವನ ಬಾಯಿಯಿಂದ ತುತ್ತು ಕಿತ್ತುಕೊಂಡಂತಾಗಿತ್ತು. ಆದರೂ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಮಗಳ ಮುಖ ನೋಡಿದ. ನಾನೂ ನೋಡಿದೆ. ತಾಯಿ ಸತ್ತಾಗ ಅಳದೆ ನಮ್ಮನ್ನೆಲ್ಲ ಹೆದರಿಸಿದ್ದ ಹುಡುಗಿ ಅದು, ಆಮೇಲೂ ಬಿದ್ದಾಗ, ಜ್ವರ ಬಂದಾಗ, ಯಾವತ್ತೂ ಅತ್ತದ್ದನ್ನು ನಾನು ಕಂಡಿರಲಿಲ್ಲ. ಈಗ ಗೋಡೆಯ ಬುಡಕ್ಕೆ ಕುಸಿದು ಕೂತು, ಉದ್ದುದ್ದ ಕಾಲುಗಳನ್ನು ಎಲ್ಲಿ ಮಡಚಬೇಕೆಂದು ತಿಳಿಯದೆ ಚಾಚಿಕೊಂಡು, ಬಾಯಿ ತೆರೆದು ಅಳುತ್ತಿದ್ದಳು. ಮೂಗು ಸುರಿಯುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನ್ನ ಭುಜಕ್ಕೊಂದು ಗುದ್ದಿದಳು, ಜೋರಾಗಿಯೇ.

"ಏನು ರೋಗ ಬಂದಿತ್ತು ನಿನಗೆ, ಇಷ್ಟು ದಿನ ಹೇಳೋಕೆ," ಎಂದಳು.